ತುಕ್ಕು ಹಿಡಿಯದ ಕಬ್ಬಿಣ

ಅಂದು ಕಮ್ಮಾರನ ಕುಲುಮೆಯ ಮುಂದೆ ನಾನು ಏನು ಹೇಳಿದೆ ಎಂಬುದು ನನಗೇ ಖಚಿತವಿಲ್ಲ. "ಇದನ್ನು ನಂಬಬಹುದು" ಎಂದೆನೋ, "ಒಳ್ಳೆಯ ಕಬ್ಬಿಣ" ಎಂದಷ್ಟೇ ಹೇಳಿದೆನೋ. ನಾನು ಬಾಯಿಯೇ ಬಿಡಲಿಲ್ಲ ಎಂದು ಅತ್ತೆ ಕೊನೆಯವರೆಗೂ ವಾದಿಸುತ್ತಿದ್ದಳು. ಆದರೆ ಅತ್ತೆ ಅಲ್ಲಿರಲಿಲ್ಲ. ನಾನಿದ್ದೆ, ಆದರೂ ಹೇಳಲಾರೆ.

ಐವತ್ತರ ದಶಕದ ಕೊನೆಯ ವರ್ಷಗಳು. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಬಂದ ನಾನು ಹರಿಹರದ ಮನೆಯಿಂದ ದಿನವೂ ರೈಲಿನಲ್ಲಿ ದಾವಣಗೆರೆಯ ಕಾಲೇಜೊಂದಕ್ಕೆ ಪಾಠ ಮಾಡಲು ಹೋಗುತ್ತಿದ್ದೆ. ಭಾನುವಾರ ಕುಕ್ಕುವಾಡಕ್ಕೆ, ಸೋದರಮಾವ ಮತ್ತು ಅತ್ತೆಯ ಮನೆಗೆ. ಅವನ ಹೊಲದ ಅಂಚಿನಲ್ಲಿ ಕಾಲುವೆ ಅಗೆಯುವಾಗ ತೆಂಗಿನಕಾಯಿಗಿಂತ ತುಸು ದೊಡ್ಡದಾದ ಕಬ್ಬಿಣದ ಉಂಡೆಯೊಂದು ಸಿಕ್ಕಿತ್ತು. ಹಸಿ ಮಣ್ಣಿಗೆ ಹೆಬ್ಬೆರಳು ಒತ್ತಿದಂತೆ ಮೈತುಂಬ ಕುಳಿಗಳು. ಹಿತ್ತಲಲ್ಲಿ ಎರಡು ಮಳೆಗಾಲ ಬಿದ್ದಿತ್ತು. ಪಕ್ಕದಲ್ಲಿದ್ದ ಹಳೆಯ ನೇಗಿಲ ಕುಳ ತುಕ್ಕು ತಿಂದು ಚಕ್ಕೆ ಚಕ್ಕೆಯಾಯಿತು. ಉಂಡೆಯ ಮೈ ಮಾತ್ರ ಸ್ವಲ್ಪ ಕಂದುಬಣ್ಣಕ್ಕೆ ತಿರುಗಿತು, ಅಷ್ಟೆ.

ನಾನು ಅದರಿಂದ ಅರದಲ್ಲಿ ಉಜ್ಜಿದ ಒಂದಿಷ್ಟು ಪುಡಿ ಒಯ್ದು ಕಾಲೇಜಿನಲ್ಲಿ ಪರೀಕ್ಷಿಸಿದೆ. ನಿಕಲ್ ಇತ್ತು, ಅದು ಉಲ್ಕೆಯ ಗುರುತು. ಆಕಾಶದಿಂದ ಬಿದ್ದ ಕಬ್ಬಿಣವೆಂದು ಮನೆಯವರಿಗೆಲ್ಲ ಹೇಳಿದೆ. ಈ ಜಂಬ ಮಾತ್ರ ಚೆನ್ನಾಗಿ ನೆನಪಿದೆ. ನಿಕಲ್ ಬಿಟ್ಟು ಬೇರೇನಿದೆ ಎಂದು ನೋಡುವ ಯೋಚನೆ ಆಗ ಬರಲಿಲ್ಲ.

ಮಾವ ಕೇಳಿದ್ದು ಒಂದೇ. "ನೀರಿನ ಪಸೆಗೆ ತುಕ್ಕು ಹಿಡಿಯಲ್ಲ ಹೌದಲ್ಲೋ ಅಳಿಯಾ?"

ಬಾವಿಯ ರಾಟೆಯನ್ನು ತೂಗುಹಾಕುವ ಕೊಂಡಿ ಅವನ ತಲೆಯಲ್ಲಿತ್ತು. ಹಳೆಯದು ಸವೆದು ಕಡ್ಡಿಯಾಗಿತ್ತು. ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಯಬೇಕು, ಮತ್ತು ಆ ಮನೆಯಲ್ಲೊಂದು ಪದ್ಧತಿ: ಬಾವಿಗೆ ಮೊದಲು ಇಳಿಯುವವನು ಯಜಮಾನ, ಆಳುಗಳು ಆಮೇಲೆ. ಹಾಗಾಗಿ ಆ ಕೊಂಡಿಯ ಕೆಳಗೆ ಮೊದಲು ನಿಲ್ಲುವವನು ಮಾವನೇ.

ಕಮ್ಮಾರ ಉಂಡೆಯ ಅರ್ಧ ಕಡಿದು ಕಾಯಿಸಿ ಬಡಿದ. ನಾವು ಹೋದಾಗ ಕೊಂಡಿ ಸಿದ್ಧವಾಗಿತ್ತು, ಅವನ ಮುಖ ಮಾತ್ರ ಸಪ್ಪಗಿತ್ತು.

"ಗೌಡ್ರೆ, ಇದು ನನಗೆ ಸರಿ ಕಾಣ್ತಿಲ್ಲ. ಕೆಂಪಗಾದಾಗ ಬಡಿದ್ರೆ ಅಂಚು ಕಟಕಲು ರೊಟ್ಟಿಯಂಗೆ ಉದುರ್ತೈತ್ರಿ. ದಾವಣಗೆರೆ ಮಂಡಿಪೇಟೆಯಾಗೆ ತಯಾರ್ ಕೊಂಡಿ ಸಿಗ್ತಾವು, ಒಂದು ತಂದ್ಬಿಡ್ರಿ."

"ಅವು ಎರಡು ಮಳೆಗೆ ತುಕ್ಕು ತಿಂತಾವು. ನಿನ್ನ ಕೈ ನಡುಗಿದ್ರೆ ಕಬ್ಬಿಣಕ್ಕೆ ಯಾಕ ಹೆಸರಿಡ್ತೀಯೋ?"

"ಕೈ ನಡುಗಿದ್ರೆ ನಿಮ್ಮ ಗಾಡಿ ಇಷ್ಟು ವರ್ಷ ಹೆಂಗೆ ಉರುಳ್ತಿತ್ತು?" ಕಮ್ಮಾರ ನನ್ನ ಕಡೆ ತಿರುಗಿದ. "ಅಳಿಯಂದ್ರೆ, ನೀವು ಓದಿದೋರು. ನೀವೇ ಹೇಳ್ರಿ."

ಅವನು ಕೊಂಡಿಯನ್ನು ದಾರದಲ್ಲಿ ತೂಗಿಸಿ ಸಣ್ಣ ಸುತ್ತಿಗೆಯಿಂದ ತಟ್ಟಿದ. ಗಟ್ಟಿ ಕಬ್ಬಿಣ ಗಂಟೆಯಂತೆ ಮೊಳಗಬೇಕು; ಇದರ ಸದ್ದು ಹುಟ್ಟಿದಲ್ಲೇ ಸತ್ತಿತು. ಹೀಗೆಂದು ನೆನಪು. ನಡೆದದ್ದರ ನಂತರ ನನ್ನ ಮನಸ್ಸೇ ಆ ಸದ್ದನ್ನು ಕಟ್ಟಿಕೊಂಡಿರಲೂಬಹುದು. ನಾನು ಏನೋ ಹೇಳಿದೆ. ಮಾವ ನಕ್ಕು ಕೊಂಡಿಯನ್ನು ಹೆಗಲ ಮೇಲಿನ ವಸ್ತ್ರದಲ್ಲಿ ಸುತ್ತಿಕೊಂಡ. ಕಮ್ಮಾರ ನಗಲಿಲ್ಲ.

ಹೂಳು ತೆಗೆದ ದಿನ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಮಾವ ಹಗ್ಗ ಹಿಡಿದು ಇಳಿದ. ನಾನೂ ಇಬ್ಬರು ಆಳುಗಳೂ ಮೇಲಿನಿಂದ ಬುಟ್ಟಿ ಸೇದುತ್ತಿದ್ದೆವು. ಒದ್ದೆ ಕೆಸರು ಕಲ್ಲಿನಷ್ಟು ಭಾರ. ಪ್ರತಿ ಬುಟ್ಟಿಗೂ ರಾಟೆ ಕಿರುಗುಟ್ಟಿ, ಮೇಲೆ ಕೊಂಡಿ ಸಣ್ಣದಾಗಿ ಅಲುಗುತ್ತಿತ್ತು. ನಾನು ಅದನ್ನು ಮತ್ತೆ ಮತ್ತೆ ನೋಡುತ್ತಿದ್ದೆ. ಯಾಕೆ ನೋಡುತ್ತಿದ್ದೆ? ಅನುಮಾನವಿದ್ದರೆ ಯಾಕೆ ನಿಲ್ಲಿಸಲಿಲ್ಲ?

ಕಬ್ಬಿಣ ಸೋಲುವ ಮೊದಲು ಬಾಗುತ್ತದೆ ಎಂದು ತಿಳಿದಿದ್ದೆ. ಇದು ಬಾಗಲಿಲ್ಲ. ಟಕ್ ಎಂದಿತು, ಗಾಜಿನಂತೆ. ಹಗ್ಗ ನನ್ನ ಅಂಗೈ ಸುಲಿದುಕೊಂಡು ಓಡಿತು. ರಾಟೆ, ಬುಟ್ಟಿ, ಕೆಸರು ಒಟ್ಟಿಗೆ ಒಳಗೆ ಹೋದವು. ಕೆಳಗಿನಿಂದ ಸದ್ದಿಲ್ಲ. ಆ ಮೌನ ಎಷ್ಟು ಹೊತ್ತು ಇತ್ತೆಂದು ಕೇಳಬೇಡಿ, ಪ್ರತಿ ಸಲ ನೆನೆದಾಗಲೂ ಅದರ ಉದ್ದ ಬೇರೆಯಾಗುತ್ತದೆ.

"ಸತ್ತಿಲ್ರೋ," ಎಂಬ ದನಿ ಬಂತು. "ಗೋಡೆಗೆ ಅಂಟಿಕೊಂಡೀನಿ. ಬಲಗೈ ಎಲ್ಲೈತೋ ಗೊತ್ತಾಗ್ತಿಲ್ಲ."

ಕೈ ಅಲ್ಲೇ ಇತ್ತು, ಭುಜ ಪುಡಿಯಾಗಿತ್ತು. ಗಾಡಿಯಲ್ಲಿ, ಆಮೇಲೆ ಬಸ್ಸಿನಲ್ಲಿ ದಾವಣಗೆರೆಯ ಆಸ್ಪತ್ರೆಗೆ ಒಯ್ದೆವು. ಗಾಯ ಮಾಯಿತು. ಬಲಗೈ ಮತ್ತೆ ಎದೆಗಿಂತ ಮೇಲೆ ಏಳಲಿಲ್ಲ.

ಊರು ಕಮ್ಮಾರನ ಕಡೆ ಬೆರಳು ಮಾಡಿತು. ಅರೆಬರೆ ಕಾಯಿಸಿದ, ಹದ ಕೆಡಿಸಿದ ಎಂದರು. ಗಾಡಿಯ ಅಚ್ಚು, ಕುಳ ಎಲ್ಲ ಬೇರೆ ಊರಿನ ಕುಲುಮೆಗೆ ಹೋಗತೊಡಗಿದವು. ನನ್ನ ಹೆಸರನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ತಿಂಗಳೊಂದು ಕಳೆದ ಮೇಲೆ ಕಮ್ಮಾರ ಹರಿಹರದ ನನ್ನ ಮನೆಯ ಬಾಗಿಲಿಗೆ ಬಂದ. ಕೂಡ್ರಿ ಎಂದರೂ ಕೂರಲಿಲ್ಲ. ಗಂಟು ಬಿಚ್ಚಿ ಮುರಿದ ಕೊಂಡಿಯ ಎರಡು ತುಂಡುಗಳನ್ನೂ ಬೆಂಕಿಗೆ ಹಾಕದೆ ಉಳಿಸಿದ್ದ ಅರ್ಧ ಉಂಡೆಯನ್ನೂ ನೆಲದ ಮೇಲಿಟ್ಟ.

"ನಾನು ಕೆಡಿಸಿದ್ನೋ, ಮೊದ್ಲೇ ಕೆಟ್ಟಿತ್ತೋ, ನೋಡಿ ಹೇಳ್ರಿ. ನಾನೇ ಕೆಡಿಸಿದ್ರೆ ಅದನ್ನೂ ಹೇಳ್ರಿ. ಕುಲುಮೆ ಮುಚ್ತೀನಿ."

ಉಂಡೆಯಿಂದ ಕತ್ತರಿಸಿದ ಚೂರನ್ನು ತೆಳು ಆಮ್ಲದಲ್ಲಿ ಇಟ್ಟೆ. ಕೆಲವು ದಿನಗಳಲ್ಲಿ ಕಬ್ಬಿಣ ಕರಗಿ, ತಳದಲ್ಲಿ ತವರದ ಬಿಳುಪಿನ ತೆಳು ಹಾಳೆಗಳು ಉಳಿದವು. ಅಯಸ್ಕಾಂತಕ್ಕೆ ಅಂಟುತ್ತಿದ್ದವು, ಚಿಮಟ ಒತ್ತಿದರೆ ಪಟಕ್ಕನೆ ಮುರಿಯುತ್ತಿದ್ದವು. ಅವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಮಾಲಿಬ್ಡೇಟ್ ದ್ರಾವಣ ಹಾಕಿದಾಗ ರಂಜಕ, ಅಂದರೆ ಫಾಸ್ಫರಸ್, ಇದೆಯೆಂದು ಹೇಳುವ ಹಳದಿ ಗಸಿ ನಿಂತಿತು. ಪುಸ್ತಕದಲ್ಲಿ ಅದಕ್ಕೆ ಶ್ರೈಬರ್ಸೈಟ್ ಎಂಬ ಹೆಸರು: ಕಬ್ಬಿಣ, ನಿಕಲ್, ರಂಜಕ ಸೇರಿದ ಖನಿಜ, ಭೂಮಿಯ ಕಲ್ಲುಗಳಲ್ಲಿ ಬಲು ಅಪರೂಪ, ಆಕಾಶದಿಂದ ಬಿದ್ದ ಕಬ್ಬಿಣದಲ್ಲಿ ಸಾಮಾನ್ಯ. ಕೊಂಡಿ ಮುರಿದ ಜಾಗದಲ್ಲೂ ಅದೇ ಬಿಳಿ ಕಣಗಳು. ರಂಜಕ ಹೆಚ್ಚಿದ್ದರೆ ಕಬ್ಬಿಣ ಬಾಗದೆ ಗಾಜಿನಂತೆ ಮುರಿಯುತ್ತದೆ.

ಮಾವನಿಗೆ ಇದನ್ನು ಹೇಳಿದೆ. ಮರುದಿನವೇ ಅವನು ಗಾಡಿಯ ಅಚ್ಚನ್ನು ಹಳೆಯ ಕುಲುಮೆಗೇ ಕಳುಹಿಸಿದ. ಆ ದಿನ ನಾನು ಆಡಿದ ಮಾತು ಯಾವುದೆಂದು ಯಾವ ಆಮ್ಲವೂ ಹೇಳಲಿಲ್ಲ. ನಾನು ಮೂರು ಸಲ ಪರೀಕ್ಷಿಸಿ ಖಚಿತಮಾಡಿಕೊಂಡದ್ದು ಇಷ್ಟೇ: ಬೆಂಕಿಯನ್ನೇ ಕಾಣದ ಆ ಅರ್ಧ ಉಂಡೆಯಲ್ಲೂ ರಂಜಕವಿತ್ತು.