ಹಳೆಯ ತಾರೀಕಿನ ಫೋಟೋಗಳು

ಭಾವ ಹೊಡೆದಾಗಲೆಲ್ಲ ಅಕ್ಕ ಬಚ್ಚಲಿನ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ತನ್ನ ಫೋಟೋ ತೆಗೆದುಕೊಳ್ಳುತ್ತಿದ್ದಳು. ಒಡೆದ ತುಟಿ, ಬೆಲ್ಟಿನ ಬಾಸುಂಡೆ, ಕುತ್ತಿಗೆಯ ಮೇಲೆ ಅವನ ಬೆರಳಿನ ಗುರುತು. ಬಜಗೋಳಿಯ ಗಂಡನ ಮನೆಯಿಂದ ಕಾಪುವಿನ ನನ್ನ ಫೋಟೋ ಸ್ಟುಡಿಯೋಗೆ ಬಂದಾಗ ಅವನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ, ಮೊಬೈಲಿನಿಂದ ಅಳಿಸಿ ಹೋಗುತ್ತಿದ್ದಳು. ಅವಳ ಮೊಬೈಲನ್ನು ಭಾವ ಬಿಡದೆ ತೆರೆದು ನೋಡುತ್ತಿದ್ದ.

ಲ್ಯಾಪ್‌ಟಾಪ್ ಹಾಳಾಗತೊಡಗಿದಾಗ ಆ ಫೋಲ್ಡರನ್ನು ಸ್ಟುಡಿಯೋದ ದೊಡ್ಡ ಡಿಸ್ಕಿಗೆ ವರ್ಗಾಯಿಸಿ, ಲ್ಯಾಪ್‌ಟಾಪನ್ನು ಗುಜರಿಗೆ ಹಾಕಿದೆ. ದೊಡ್ಡ ಡಿಸ್ಕಿನ ಬ್ಯಾಕಪ್ ದಿನಾ ಸಂಜೆ ನೆಟ್ ಮೂಲಕ ಮನೆಯಲ್ಲಿದ್ದ ಇನ್ನೊಂದು ಡಿಸ್ಕಿಗೆ ಆಗುತ್ತಿತ್ತು. "ಇನ್ನು ಹೆದರಬೇಡ" ಎಂದೆ.

ಮನೆ ಬಿಟ್ಟು ನನ್ನಲ್ಲಿಗೆ ಬಂದ ಅಕ್ಕ ಫೋನಿನಲ್ಲಿ ಅವನಿಗೆ ಹೇಳಿಯೇ ಬಿಟ್ಟಳು: "ನೀವು ಹೊಡೆದದ್ದೆಲ್ಲ ಫೋಟೋ ಉಂಟು. ಠಾಣೆಗೆ ಕೊಡ್ತೇನೆ."

ಮರುದಿನ ಮಧ್ಯಾಹ್ನ ಭಾವ ಸುತ್ತಿಗೆ ಹಿಡಿದು ಸ್ಟುಡಿಯೋಗೆ ನುಗ್ಗಿದ. ಮೊದಲು ಕಂಪ್ಯೂಟರ್, ಆಮೇಲೆ ಡಿಸ್ಕ್. ಅದು ಚೂರಾದ ಮೇಲೂ ಹೊಡೆಯುತ್ತಲೇ ಇದ್ದ. ನನ್ನ ಜೊತೆಗಿದ್ದ ಅಕ್ಕ ತಡೆಯಲು ಕೈ ಅಡ್ಡ ಹಿಡಿದಳು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಕ್ಯಾಮೆರಾದ ಟ್ರೈಪಾಡ್ ಎತ್ತಿ ಅವನ ಮುಖಕ್ಕೆ ಬೀಸಿದೆ. ಹಲ್ಲು ಉದುರಿತು. ಪಕ್ಕದ ಬೇಕರಿಯ ಬ್ಯಾರಿ ಕಾಕ ಓಡಿ ಬಂದು ಅವನನ್ನು ನೆಲಕ್ಕೆ ಒತ್ತಿ ಹಿಡಿದರು.

ಮಣಿಪಾಲದ ಆಸ್ಪತ್ರೆಯಲ್ಲಿ ಅಕ್ಕನ ಕೈಗೆ ಪ್ಲಾಸ್ಟರ್ ಹಾಕಿದರು. ಮನೆಗೆ ಬಂದು ಬ್ಯಾಕಪ್ ತೆರೆದೆ. ಮದುವೆ, ಸೀಮಂತ, ಎಲ್ಲ ಇತ್ತು. ಅಕ್ಕನ ಫೋಲ್ಡರ್ ಮಾತ್ರ ಇರಲಿಲ್ಲ.

"ಎಂತ ಆಯಿತು?" ಅಕ್ಕ ಕೇಳಿದಳು.

ಬ್ಯಾಕಪ್ಪಿನ ಸೆಟ್ಟಿಂಗ್ ನೋಡಿ ಅವಳಿಗೆ ಹೇಳಿದೆ. ಆ ಬ್ಯಾಕಪ್ ಹಿಂದಿನ ಸಂಜೆಯ ಬಳಿಕ ಬದಲಾದ ಫೈಲುಗಳನ್ನು ಮಾತ್ರ ನಕಲು ಮಾಡುತ್ತಿತ್ತು, ಬದಲಾಗಿದೆಯೇ ಎಂದು ಫೈಲಿನ ತಾರೀಕು ನೋಡಿ ತಿಳಿಯುತ್ತಿತ್ತು. ಅಕ್ಕನ ಫೋಟೋಗಳು ಹೊಸ ಡಿಸ್ಕಿಗೆ ಬಂದರೂ ತೆಗೆದ ದಿನದ ತಾರೀಕನ್ನೇ ಉಳಿಸಿಕೊಂಡಿದ್ದವು. ಹಳೆಯ ಫೈಲುಗಳೆಂದು ಅದು ಅವನ್ನು ಮುಟ್ಟಲೇ ಇಲ್ಲ.

ಅಕ್ಕ ಅಳಲಿಲ್ಲ. "ಮೈ ನನ್ನದೇ ಅಲ್ವಾ? ನಡಿ" ಎಂದಳು.

ಠಾಣೆಯಲ್ಲಿ ಮಹಿಳಾ ಎಸ್‌ಐ ಎದುರು ಕುಳಿತು ಒಳ್ಳೆಯ ಕೈಯಿಂದ ಒಂದೊಂದೇ ಜಾಗ ತೋರಿಸಿದಳು. "ಇಲ್ಲಿ ಸೌಟು ಕಾಯಿಸಿ ಇಟ್ಟದ್ದು. ಇಲ್ಲಿ ಒದ್ದದ್ದು, ಆಗ ನಾನು ಬಸುರಿ." ಅದು ನನಗೂ ಗೊತ್ತಿರಲಿಲ್ಲ. ಎಸ್‌ಐ ಎಲ್ಲವನ್ನೂ ಬರೆದುಕೊಂಡರು.

ಭಾವ ಜೈಲಿಗೆ ಹೋಗಿ ಜಾಮೀನಿನ ಮೇಲೆ ಹೊರಬಂದಿದ್ದಾನೆ. ಕೇಸು ಕಾರ್ಕಳದ ಕೋರ್ಟಿನಲ್ಲಿ ನಡೆಯುತ್ತಿದೆ. ಮೊನ್ನೆ ಅಲ್ಲಿನ ಜಗಲಿಯಲ್ಲಿ ಅವನು ಅಕ್ಕನನ್ನು ನೋಡಿ ನಕ್ಕ. ನನ್ನ ಮುಷ್ಟಿ ಬಿಗಿಯಿತು. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡೇ ಒಳಗೆ ನಡೆದಳು.