ಹೊಗೆ ಕಂಡ ಕಡೆಗೆ

ನನ್ನ ಮಗಳಿಗೆ ಅಪ್ಪನ ಮುಖಕ್ಕಿಂತ ಹೆಚ್ಚು ಗುರುತಿದ್ದದ್ದು ಕಾಡಿನ ಆ ಗಿಡ್ಡ ಜೀವಗಳ ಮುಖ. ಮುಖ ಎನ್ನುವುದೂ ತಪ್ಪೇ. ಆ ಜಾಗದಲ್ಲಿ ಅವಕ್ಕೆ ಇರುವುದು ಒಂದು ಎಲೆ, ಅದರಲ್ಲಿ ಕಣ್ಣಿಗೆ, ಬಾಯಿಗೆಂದು ತೂತು. ಒಂದು ವಿಡಿಯೋ ಗೇಮಿನಲ್ಲಿ ಬರುತ್ತವೆ. ಕತ್ತಿ ಹಿಡಿದವನೊಬ್ಬ ರಾಜ್ಯ ಉಳಿಸಲು ಹೊರಟಿರುತ್ತಾನೆ, ನನ್ನ ಮಗಳಿಗೆ ಮಾತ್ರ ರಾಜ್ಯ ಹಾಳಾಗಿ ಹೋಗಲಿ, ಕಲ್ಲೆತ್ತುವುದೇ ಕೆಲಸ. ಗುಡ್ಡದ ಮೇಲೊಂದು ಒಂಟಿ ಕಲ್ಲು ಕಂಡರೆ ಎತ್ತಬೇಕು. ಅಡಿಯಿಂದ ಒಂದು ಕಾಡುಮರಿ ಕಿಲಕಿಲ ನಗುತ್ತಾ ಎದ್ದು ಬರುತ್ತದೆ.

ಇದನ್ನು ಮೊದಲ ಸಲ ನೋಡಿದಾಗ ನನ್ನ ಅತ್ತೆ ಕೈಯಲ್ಲಿದ್ದ ಬಸಳೆ ಕೆಳಗಿಟ್ಟರು.

"ಎಂತದ್ದು ಮಗಾ ಅದು? ಕಲ್ಲಿನಡಿ ಇರುವವರನ್ನೆಲ್ಲ ಹಾಗೆ ಎಬ್ಬಿಸ್ಲಿಕ್ಕೆ ಉಂಟಾ? ಅವಕ್ಕೆ ಎಂತಾದ್ರೂ ಇಡ್ಲಿಕ್ಕಿಲ್ವಾ?"

"ಕೆಲವು ಕಡೆ ಇಡ್ಬೇಕು ಅಜ್ಜಿ. ಕಲ್ಲಿನ ಮೂರ್ತಿ ಎದುರು ಬಟ್ಟಲು ಉಂಟಲ್ಲ, ಅದರಲ್ಲಿ ಆಪಲ್ ಇಟ್ರೆ ಬರ್ತದೆ."

"ಹಾಗಾದ್ರೆ ಅಡ್ಡಿ ಇಲ್ಲ," ಎಂದು ಅತ್ತೆ ಮತ್ತೆ ಬಸಳೆ ಹಿಡಿದರು. ನಾಗನ ಕಲ್ಲಿಗೆ ತಪ್ಪದೆ ಹಾಲು, ಎಳನೀರಿನ ತನು ಎರೆಯುವ ಮನೆ ನಮ್ಮದು. ಕೊಡುವುದು ಕೊಟ್ಟ ಮೇಲೆ ಬರುವುದು ಬರುತ್ತದೆ ಎನ್ನುವ ಲೆಕ್ಕಾಚಾರ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಗೇಮನ್ನು ಕಳಿಸಿದವರು ನನ್ನ ಗಂಡ. ಅವರಿರುವುದು ಗಲ್ಫಿನಲ್ಲಿ, ನಾವು ಮೂವರು ಹೆಂಗಸರು ಉರ್ವದ ಹಂಚಿನ ಮನೆಯಲ್ಲಿ. ಹಿಂದಿನ ರಜೆಗೆ ಅವರು ಬಂದಾಗ ಮಗಳು ಇನ್ನೂ ಚಿಕ್ಕವಳು. ಬಜಪೆ ಏರ್‌ಪೋರ್ಟಿನಲ್ಲಿ ಇಳಿದು ಮನೆಗೆ ಬಂದವರನ್ನು ನೋಡಿ "ಅಂಕಲ್ ಯಾವಾಗ ಹೋಗುದು?" ಎಂದು ಕೇಳಿ ಮಂಚದಡಿ ಸೇರಿಕೊಂಡವಳು, ಸರಿಯಾಗಿ ಅವರ ತೊಡೆ ಹತ್ತುವಷ್ಟರಲ್ಲಿ ರಜೆಯೇ ಮುಗಿದಿತ್ತು. ಆ ಮಾತು ಅವರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಅಲ್ಲಿ ಯಾರದೋ ಮಕ್ಕಳು ಆಡುವುದನ್ನು ನೋಡಿ ತಾವೂ ಒಂದು ಕೊಂಡರು, ಇವಳಿಗೂ ಒಂದು ಕಳಿಸಿದರು.

ಆಮೇಲೆ ಅಪ್ಪ ಮಗಳ ಮಾತುಕತೆ ಎಂದರೆ ಅದೇ. ವಿಡಿಯೋ ಕಾಲ್ ಬಂದರೆ ಇವಳು ತನ್ನ ಮುಖ ತೋರಿಸುವುದಿಲ್ಲ, ಗೇಮಿನ ಪರದೆ ತೋರಿಸುತ್ತಾಳೆ. ಅವರು ಅಲ್ಲಿಂದ "ಆ ಮರದ ಮೇಲೆ ಹತ್ತು, ಮೇಲೆ ಎಂತದೋ ಹೊಳೀತಾ ಉಂಟು" ಎನ್ನುತ್ತಾರೆ. ನನಗೆ ಅದು ಸಾಕಿತ್ತು. ಸಣ್ಣ ದಾರ, ಆದರೂ ದಾರವೇ ತಾನೆ?

ಈ ಸಲದ ರಜೆ ಹತ್ತಿರ ಬಂದಂತೆ ಅವರದು ಒಂದೇ ಪ್ರಶ್ನೆ. "ಈ ಸಲ ನನ್ನ ಹತ್ರ ಬರ್ತಾಳಲ್ವಾ?" ನಾನು "ಬರ್ತಾಳೆ ಮಾರಾಯ್ರೆ, ಬಾರದೆ ಎಲ್ಲಿಗೆ ಹೋಗ್ತಾಳೆ?" ಎಂದು ಗದರಿಸುತ್ತಿದ್ದೆ. ಗದರಿಸಿ ಫೋನಿಟ್ಟ ಮೇಲೆ ನನಗೇ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ.

ಅಷ್ಟರಲ್ಲಿ ಅವರೇ ಎಡವಟ್ಟು ಮಾಡಿಕೊಂಡರು. ಆ ಕಾಡುಮರಿಗಳಲ್ಲಿ ಒಂದು ಜಾತಿ ಉಂಟು. ಬೆನ್ನಿಗೆ ತನಗಿಂತ ದೊಡ್ಡ ಚೀಲ ಕಟ್ಟಿಕೊಂಡು ಹೊರಟು, ಆ ಭಾರಕ್ಕೆ ದಾರಿಯಲ್ಲೇ ಅಂಗಾತ ಬಿದ್ದಿರುತ್ತದೆ. ಏಳಲು ಆಗುವುದಿಲ್ಲ. ದೂರದಲ್ಲಿ ಅದರ ಗೆಳೆಯ ಬೆಂಕಿ ಹಾಕಿ ಕಾಯುತ್ತಿರುತ್ತಾನೆ, ಹೊಗೆ ಕಾಣುತ್ತದೆ. ಗೆಳೆಯನ ಹತ್ತಿರ ಹೋಗಬೇಕು ಎಂದು ಬಿದ್ದಲ್ಲಿಂದಲೇ ಗೋಗರೆಯುತ್ತದೆ. ಆಡುವವರು ಅದನ್ನು ಹೇಗಾದರೂ ಹೊಗೆಯ ಹತ್ತಿರ ತಲುಪಿಸಬೇಕು. ಮಗಳು ಗಾಡಿ ಕಟ್ಟಿ, ತೆಪ್ಪ ಕಟ್ಟಿ, ಮೊಟ್ಟೆ ಸಾಗಿಸುವವಳ ಹಾಗೆ ಜೋಪಾನವಾಗಿ ತಲುಪಿಸುತ್ತಿದ್ದಳು. ನನ್ನ ಗಂಡ ಅವಳನ್ನು ನಗಿಸೋಣ ಎಂದು ಒಂದನ್ನು ರಾಕೆಟಿಗೆ ಕಟ್ಟಿ ಆಕಾಶಕ್ಕೆ ಹಾರಿಸಿದರು. ಅದು ಕಿರುಚುತ್ತಾ ಮೇಲೆ ಹೋಗಿ ಕಣಿವೆಗೆ ಬೀಳುವುದನ್ನು ವಿಡಿಯೋ ಮಾಡಿ ಕಳಿಸಿದರು.

ಮಗಳು ನಗಲಿಲ್ಲ. ಕೆಳತುಟಿ ಮುಂದೆ ಬಂತು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. "ಅದು ಫ್ರೆಂಡ್ ಹತ್ರ ಹೋಗ್ಲಿಕ್ಕೆ ಹೊರಟದ್ದು. ಪಪ್ಪ ಎಂತಕ್ಕೆ ಬಿಸಾಡಿದ್ದು? ನನಗೆ ಆ ಪಪ್ಪ ಬೇಡ."

ಆ ದಿನದಿಂದ ಕಾಲ್ ಬಂದರೆ ಬಚ್ಚಲಿಗೆ ಓಡುತ್ತಿದ್ದಳು. ಅವರು ಸಾರಿ ಹೇಳಿ ಕಳಿಸಿದ ವಾಯ್ಸ್ ಮೆಸೇಜುಗಳನ್ನು ನಾನೊಬ್ಬಳೇ ಕೇಳಿದೆ. ಸಿಟ್ಟು ಬಂತು ನನಗೆ, ಇಬ್ಬರ ಮೇಲೂ. ಇಷ್ಟು ಕಾಲ ಕಾದು, ಕೊನೆಗೆ ಒಂದು ಸೊಪ್ಪಿನ ಮುಖದ ಬೊಂಬೆಗಾಗಿ ಎಲ್ಲ ಮಣ್ಣುಪಾಲಾಗಬೇಕೇ?

ಅವರು ಬರುವ ದಿನ ನಾನು ಗುಡಿಸಿದ ಜಗಲಿಯನ್ನೇ ಮತ್ತೆ ಗುಡಿಸಿದೆ. ಅಂಗಡಿಯಿಂದ ತಂದ ತೊಂಡೆಕಾಯಿ ಹೆಚ್ಚಿ, ಹೆಚ್ಚಿದ್ದನ್ನು ಮರೆತು ಮತ್ತೆ ತೊಂಡೆಕಾಯಿ ತರಲು ಹೊರಟೆ. "ನಿನ್ನ ಕಾಲಿಗೆ ಚಕ್ರ ಕಟ್ಟಿದ್ದಾ? ಒಂದು ಕಡೆ ಕೂತ್ಕೊ ಮಾರಾಯ್ತಿ," ಎಂದು ಅತ್ತೆ ರೇಗಿದರು. ಮಗಳಿಗೆ ಹೊಸ ಫ್ರಾಕ್ ಹಾಕಿಸಿ ಬಜಪೆಗೆ ಹೊರಡಿಸಲು ನೋಡಿದರೆ ಬಾಗಿಲ ಕಂಬ ತಬ್ಬಿಕೊಂಡು ನಿಂತಳು.

"ನಾನು ಬರುದಿಲ್ಲ."

"ಪಪ್ಪನಿಗೆ ಬೇಜಾರಾಗ್ತದೆ ಮಗಾ."

"ಆಗ್ಲಿ. ನಾನು ಬರುದಿಲ್ಲ. ನನಗೆ ಇಲ್ಲಿ ಕೆಲಸ ಉಂಟು."

ಕೆಲಸವಂತೆ! ಒಂದು ಕೊಡಬೇಕೆನಿಸಿತು. ವಿಮಾನದ ಹೊತ್ತಾಗಿತ್ತು, ಒಬ್ಬಳೇ ಟ್ಯಾಕ್ಸಿ ಹತ್ತಿದೆ.

ಅವರು ಹೊರಗೆ ಬಂದಾಗ ಮೊದಲು ನೋಡಿದ್ದು ನನ್ನನ್ನಲ್ಲ, ನನ್ನ ಸೊಂಟದ ಮಟ್ಟದಲ್ಲಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಯಾರೂ ಇಲ್ಲ ಎಂದು ತಿಳಿದ ಮೇಲೆ ನಕ್ಕರು. ಆ ನಗು ನೋಡಲಾಗದೆ ನಾನು ಅವರ ಚೀಲವನ್ನು ಬಯ್ದೆ. "ಇಷ್ಟು ದೊಡ್ಡದು ಎಂತಕ್ಕೆ? ಮನೆಯಲ್ಲಿ ಇಡ್ಲಿಕ್ಕೆ ಜಾಗ ಬೇಡ್ವಾ?"

ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಮೀನಿನ ರೇಟು, ಪಕ್ಕದ ಮನೆಯ ಮದುವೆ, ಬಾಯಿಗೆ ಬಂದದ್ದು. ಅವರು ಕಿಟಕಿಯ ಹೊರಗೆ ನೋಡುತ್ತಾ ಹೂಂ ಎನ್ನುತ್ತಿದ್ದರು. ನಮ್ಮ ಓಣಿಗೆ ತಿರುಗಿದ ಕೂಡಲೇ ಕಂಡಿತು. ನಡುಮಧ್ಯಾಹ್ನದಲ್ಲಿ ನಮ್ಮ ಮನೆಯ ಹಿಂದಿನಿಂದ ದಟ್ಟ ಹೊಗೆ ಏಳುತ್ತಿತ್ತು.

"ಅಯ್ಯೋ ದೇವರೇ, ಬೆಂಕಿ!" ಎಂದು ಬಾಗಿಲ ಹಿಡಿ ಹುಡುಕಿದೆ.

ಗಂಡ ನನ್ನ ಕೈ ಹಿಡಿದರು. ಹೊಗೆಯನ್ನೇ ನೋಡುತ್ತಿದ್ದರು.

"ಅದು ಬೆಂಕಿ ಬಿದ್ದದ್ದಲ್ಲ," ಎಂದರು. "ಅದು ನನಗೆ."

ಆಮೇಲೆ ಅತ್ತೆ ಹೇಳಿದರು. ನಾನು ಹೊರಟ ಮೇಲೆ ಹುಡುಗಿ ಬೆನ್ನು ಬಿಡಲಿಲ್ಲವಂತೆ, ಬಚ್ಚಲ ಒಲೆಗೆ ಬೆಂಕಿ ಹಾಕು ಅಜ್ಜಿ, ಈಗಲೇ ಹಾಕು ಎಂದು. ಬರುವವನಿಗೆ ಬಿಸಿನೀರು ಬೇಕಲ್ಲ ಎಂದುಕೊಂಡು ಅತ್ತೆ ಹಾಕಿದರು. ತೆಂಗಿನ ಒಣ ಮಡಲು ಚೆನ್ನಾಗಿ ಹೊತ್ತಿಕೊಂಡು ಉರಿಯಿತು. "ಉರಿ ಬೇಡ, ಹೊಗೆ ಬೇಕು" ಎಂದು ಇವಳು ಹಸಿ ತೆಂಗಿನ ಸಿಪ್ಪೆ ತಂದು ತಂದು ತುರುಕಿದ್ದಾಳೆ. ಅತ್ತೆಗೆ ಕಣ್ಣುರಿ ಸಂಜೆಯವರೆಗೂ ಹೋಗಲಿಲ್ಲ.

ಮನೆಗಿಂತ ಸ್ವಲ್ಪ ಈಚೆಯೇ ಅವರು ಟ್ಯಾಕ್ಸಿ ನಿಲ್ಲಿಸಿದರು. ಚೀಲ ಬೆನ್ನಿಗೇರಿಸಿಕೊಂಡರು. ನಾಟಕ ಎಂದುಕೊಂಡೆ ನಾನು, ಆದರೆ ಚೀಲ ನಿಜಕ್ಕೂ ಭಾರವಿತ್ತು. ಅಂಗಳದ ನಡುವೆ ವಾಲಿ, ಮೊಣಕಾಲೂರಿ, ಹಾಗೇ ಚೀಲದ ಮೇಲೆ ಅಂಗಾತ ಒರಗಿಬಿಟ್ಟರು.

ಮಗಳು ಬಾಗಿಲಿಗೆ ಬಂದಳು. ಹೊಸ ಫ್ರಾಕಿನ ಮೇಲೆಲ್ಲ ಮಸಿ. ದೂರದಿಂದಲೇ ಕೇಳಿದಳು. "ಅದನ್ನು ತಲುಪಿಸಿದ್ರಾ?"

"ಇಲ್ಲ ಮಗಾ. ಕಣಿವೆಯಿಂದ ಮೇಲೆ ತಂದು ಇಟ್ಟಿದ್ದೇನೆ. ಉಳಿದ ದಾರಿ ನನಗೆ ಒಬ್ಬನಿಗೆ ಆಗುದಿಲ್ಲ."

ಅವಳು ಮೆಟ್ಟಿಲು ಇಳಿದು ಬಂದಳು. ಅವರ ಮುಖದ ಕಡೆ ನೋಡದೆ ಹಿಂದಕ್ಕೆ ಹೋಗಿ, ಎರಡೂ ಕೈಯಿಂದ ಚೀಲವನ್ನು ತಳ್ಳಿದಳು. ಅವರು ಎದ್ದರು. ಅವಳು ಮೆಟ್ಟಿಲವರೆಗೂ ತಳ್ಳಿದಳು, "ಇನ್ನು ಸ್ವಲ್ಪ, ಇನ್ನು ಸ್ವಲ್ಪವೇ ಉಂಟು" ಎನ್ನುತ್ತಾ.

ಚೀಲ ಜಗಲಿಗೆ ಇಳಿಯಿತು. ಅವಳು ಬಂದು ಅಪ್ಪನ ಬೆವರಿದ ಅಂಗಿಗೆ ಒರಗಿ, ಒಳಗೆ ಕೂಗಿ ಹೇಳಿದಳು.

"ಅಜ್ಜೀ, ತಲುಪಿದ್ರು. ಬೆಂಕಿ ಆರಿಸು."

ಬಂದವರಿಗೆಂದು ಅತ್ತೆ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಿದ್ದರು. ಕುಡಿಯಬೇಕಾದವರಿಗೆ ಅದರ ಕಡೆ ಗಮನವೇ ಇರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಬೆಲ್ಲ ಬಾಯಿಗೆ ಹಾಕಿಕೊಂಡು ಅಷ್ಟೂ ನೀರು ಕುಡಿದೆ.