ಕೂಗದೆ ಉಳಿದ ವಾಲ್ವ್

ಕೊರೊನಾ ತಣ್ಣಗಾದ ಮರುವರ್ಷದ ಮಾವಿನ ಸುಗ್ಗಿ. ಆಗ ನಾನು ಕೋಲಾರ ಜಿಲ್ಲೆಗೆ ಬಾಯ್ಲರ್ ತಪಾಸಣಾಧಿಕಾರಿಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಾಯ್ಲರ್ ಎಂದರೆ ನೀರು ಕಾಯಿಸಿ ಒತ್ತಡದ ಉಗಿ ಮಾಡುವ ಕಬ್ಬಿಣದ ದೊಡ್ಡ ಹಂಡೆ. ಮಾವಿನ ತಿರುಳು ಕುದಿಸಿ ಡಬ್ಬಿ ತುಂಬುವ ಕಾರ್ಖಾನೆಗಳಿಗೆ ಅದಿಲ್ಲದೆ ಒಂದು ದಿನವೂ ನಡೆಯದು. ನನ್ನ ಅಣ್ಣನ ಮಗಳು ಉಗಿಯಂತ್ರಗಳ ಕಾಲ್ಪನಿಕ ಲೋಕದಲ್ಲಿ ಇಬ್ಬರು ಹುಡುಗಿಯರು ಕೊಲೆಗಳನ್ನು ಪತ್ತೆಹಚ್ಚುವ ಕಾದಂಬರಿ ಸರಣಿ ಓದುತ್ತಾಳೆ. ಒಬ್ಬಳು ಮೌನಿ, ಇನ್ನೊಬ್ಬಳು ಮಾತಿನ ಮಲ್ಲಿ. "ಅತ್ತೆ, ನಿಮ್ ಕೆಲ್ಸಾನೂ ಹಿಂಗೇನಾ?" ಎಂದು ಕೇಳಿದಳು. ಇಬ್ಬರು ಹುಡುಗಿಯರು ಇದ್ದದ್ದು ನಿಜ, ಉಗಿಯೂ ನಿಜ. ಆದರೆ ಆ ಪುಸ್ತಕಗಳಲ್ಲಿ ಸತ್ತವರ ಮನೆಗೆ ಯಾರೂ ಹೋಗುವುದಿಲ್ಲ.

ಶ್ರೀನಿವಾಸಪುರದಿಂದ ಯಲ್ದೂರಿಗೆ ಹೋಗುವ ದಾರಿಯ ತಿರುಳಿನ ಕಾರ್ಖಾನೆಯೊಂದರಲ್ಲಿ ಮಧ್ಯಾಹ್ನದ ಹೊತ್ತು ಬಾಯ್ಲರ್ ಸಿಡಿಯಿತು. ಬಾಯ್ಲರ್ ನೋಡಿಕೊಳ್ಳುವ ಅಟೆಂಡೆಂಟ್ ಮುನಿರಾಜು ಸ್ಥಳದಲ್ಲೇ ತೀರಿಕೊಂಡ. ಜೊತೆಗಾರ ವೆಂಕಟೇಶಪ್ಪ ಸೌದೆ ತರಲು ಹೊರಗೆ ಹೋಗಿದ್ದರಿಂದ ಉಳಿದ. ಉಳಿದದ್ದೇ ತಪ್ಪಾಯಿತು. ಇಬ್ಬರೂ ನಿದ್ದೆ ಹೊಡೆದು ಬಾಯ್ಲರಿನ ನೀರು ಬತ್ತಲು ಬಿಟ್ಟರೆಂದು ಮಾಲೀಕ ದೂರು ಕೊಟ್ಟ. ಸತ್ತವನ ಮೇಲೆ ಕೇಸು ನಡೆಯುವುದಿಲ್ಲ, ಬದುಕಿದವನು ಜೈಲಿಗೆ ಹೋದ.

ತನಿಖೆಗೆ ಬಂದವಳು ಪಿಎಸ್‌ಐ ಶಾಹೀನ್, ಕೋಲಾರದ ಕಲಾಯಿ ಕೆಲಸದವರ ಮಗಳು. ಕನ್ನಡ, ತೆಲುಗು, ದಖನಿ ಮೂರನ್ನೂ ಒಂದೇ ಉಸಿರಿನಲ್ಲಿ ಕಲಸಿ ಮಾತಾಡುವವಳು, ಕಂಡವರ ಮನೆಯಲ್ಲಿ ಕೂತು ಉಂಡು ಬರುವವಳು. ನಾನು ಮುಳಬಾಗಿಲಿನ ಲೆಕ್ಕಿಗರ ಮನೆಯವಳು. ಅಳೆಯದೆ ಮಾತಾಡಬಾರದೆಂದು ಕಲಿತು ಬೆಳೆದವಳು. ಮೊದಲ ವಾರ ನಮ್ಮಿಬ್ಬರದು ಎಣ್ಣೆ ಸೀಗೇಕಾಯಿ. ಅವಳ ಜೊತೆ ಜೀಪು ಹತ್ತಿದರೆ ನನಗೆ ತಲೆನೋವು ಗ್ಯಾರಂಟಿ.

ನೀರು ಬತ್ತಿದ ಬಾಯ್ಲರಿನ ಕೊಳವೆಗಳು ಅತಿಯಾಗಿ ಕಾದು ನೀಲಿಗಟ್ಟಿ ಜೋಲುತ್ತವೆ. ಇಲ್ಲಿ ಹಾಗಾಗಿರಲಿಲ್ಲ. ನೀರಿತ್ತು, ಅಂದರೆ ಒತ್ತಡವೇ ಮಿತಿ ಮೀರಿತ್ತು. ಹಾಗೆ ಮೀರಿದಾಗ ಸೇಫ್ಟಿ ವಾಲ್ವ್ ತಾನಾಗಿ ತೆರೆದು ಭೋರೆಂದು ಉಗಿ ಬಿಡಬೇಕು. ಇದು ಸೆಕೆಂಡ್ ಹ್ಯಾಂಡಿನಲ್ಲಿ ತಂದ ಹಳೆಯ ಬಾಯ್ಲರ್; ವಾಲ್ವಿಗೆ ಉದ್ದನೆಯ ಲಿವರ್ ಇರುತ್ತದೆ, ಅದರ ಮೇಲಿನ ತೂಕದ ಗುಂಡು ವಾಲ್ವನ್ನು ಒತ್ತಿ ಹಿಡಿಯುತ್ತದೆ. ಪಕ್ಕದ ತೋಪಿನಲ್ಲಿ ಹಾರಿ ಬಿದ್ದಿದ್ದ ಆ ವಾಲ್ವನ್ನು ತರಿಸಿ ಬಿಚ್ಚಿದೆ. ತುಕ್ಕಿಲ್ಲ, ಅಂಟಿಲ್ಲ. ಗುಂಡೂ ಗುರುತಿನ ಜಾಗದಲ್ಲೇ ಇತ್ತು. ಮತ್ತೆ ಯಾಕೆ ತೆರೆಯಲಿಲ್ಲವೆಂದು ನನಗೆ ತಿಳಿಯಲಿಲ್ಲ.

ವೆಂಕಟೇಶಪ್ಪನನ್ನು ಜೈಲಿನಲ್ಲಿ ಕಂಡೆವು. ಒತ್ತಡ ತೋರಿಸುವ ಗೇಜು ಸುಗ್ಗಿಯ ಶುರುವಿನಲ್ಲೇ ಕೆಟ್ಟಿತ್ತಂತೆ. "ಹೊಸದು ತರ್ಸಿ ಸಾರ್ ಅಂದ್ರೆ, ಈ ಲೋಡೆಲ್ಲ ಮುಗೀಲಿ ಅಂದ್ರು ಮೇಡಂ." ಗೇಜಿಲ್ಲದೆ ಹೇಗೆ ನಡೆಸಿದಿರಿ ಎಂದೆ. "ಕಿವೀಲಿ. ವಾಲ್ವ್ ಕೂಗಿದ್ರೆ ಒತ್ತಡ ಇಳೀಲಿ ಅಂತ ಒಲೆಯಿಂದ ಬೆಂಕಿ ಎಳೀತಿದ್ವಿ." ಆಮೇಲೆ ತಲೆ ತಗ್ಗಿಸಿದ. "ಅವತ್ತೂ ಅದು ಕೂಗಿರ್ಬೇಕು. ನನಗೇ ಕೇಳಿಸ್ಲಿಲ್ಲ. ಮುನಿರಾಜನ್ನ ನಾನೇ ಸಾಯಿಸ್ದೆ." ಮಾಲೀಕ ಹೊರಿಸಿದ ತಪ್ಪನ್ನು ಅವನೂ ನಂಬಿಬಿಟ್ಟಿದ್ದ.

ಗಂಟು ಬಿಚ್ಚಿದವಳು ಶಾಹೀನ್. ಬಾಯ್ಲರ್ ಮನೆಯ ಉಳಿದ ಗೋಡೆಗೆ ಏನೋ ಮೆತ್ತಿಕೊಂಡು ಒಣಗಿತ್ತು. ಮಾವಿನ ನಾರೆಂದು ನಾನು ಬಿಟ್ಟಿದ್ದೆ. "ಮಾವಿಗೆ ಇಷ್ಟೊಂದ್ ಬೀಜ ಎಲ್ಲಿಂದ ಬರ್ತದೆ ಮೇಡಂ? ಇದು ಬೂದುಗುಂಬಳ," ಎಂದಳು. ಹಣ್ಣು ಆರಿಸುವ ಹೆಂಗಸರ ನಡುವೆ ಕೂತು ತೆಲುಗಿನಲ್ಲಿ ಹರಟಿ ವಿಷಯ ತಂದಳು. ಮುನಿರಾಜುವಿನ ಕೈ ಉಗಿಗೆ ಸುಟ್ಟಿತ್ತು. ದೃಷ್ಟಿಯಾಗಿದೆಯೆಂದು ಅವನ ಹೆಂಡತಿ ರತ್ನಮ್ಮ ಅಪಘಾತದ ದಿನ ಬೆಳಿಗ್ಗೆ, ಬೆಂಕಿ ಹಾಕುವ ಮುಂಚೆ, ಅರಿಸಿನ ಕುಂಕುಮ ಹಚ್ಚಿದ ದೊಡ್ಡ ಬೂದುಗುಂಬಳವೊಂದನ್ನು ಕಟ್ಟಿ ಹೋಗಿದ್ದಳು. ನಮ್ಮ ಕಡೆ ಮನೆ, ಅಂಗಡಿಗಳ ಬಾಗಿಲಿಗೆ ಕಟ್ಟುತ್ತಾರೆ. ಬಾಯ್ಲರ್ ಮನೆಗೆ ಬಾಗಿಲೇ ಇರಲಿಲ್ಲ. ಕಟ್ಟಲು ಅನುಕೂಲವಾಗಿ ಚಾಚಿಕೊಂಡಿದ್ದದ್ದು ವಾಲ್ವಿನ ಲಿವರ್ ಒಂದೇ. ಅದರ ತುದಿಗೆ ಸುತ್ತಿದ್ದ ಹೊಸ ತಂತಿಯನ್ನು ನಾನು ರಿಪೇರಿಯ ತಂತಿ ಎಂದುಕೊಂಡಿದ್ದೆ. ಗುಂಡಿನ ಜೊತೆ ಕಾಯಿಯ ಭಾರವೂ ಸೇರಿ ವಾಲ್ವ್ ತೆರೆಯಲೂ ಇಲ್ಲ, ಕೂಗಲೂ ಇಲ್ಲ. ವೆಂಕಟೇಶಪ್ಪನೂ ಆ ಕಾಯಿಗೆ ಕೈಮುಗಿದೇ ಕೆಲಸಕ್ಕೆ ಇಳಿದಿದ್ದನಂತೆ. ಕಾಪಾಡಲೆಂದು ಕಟ್ಟಿದ್ದನ್ನು ಕೇಡೆಂದು ಯಾರು ಎಣಿಸುತ್ತಾರೆ?

ಆ ಹೆಂಗಸರು ಹೇಳಿಕೆ ಕೊಡಲು ಒಪ್ಪಲಿಲ್ಲ. ಕೊಟ್ಟರೆ ಮರುದಿನ ಕೆಲಸವಿರುತ್ತಿರಲಿಲ್ಲ. ಆರೋಪಿಯ ಮಾತೊಂದೇ ಸಾಲದು. ವೆಂಕಟೇಶಪ್ಪ ಹೊರಗೆ ಬರಬೇಕಾದರೆ ರತ್ನಮ್ಮನೇ ಹೇಳಬೇಕಿತ್ತು. ಯಾಕೆ ಹೇಳಬೇಕೆಂದು ಅವಳಿಗೆ ನಾವು ತಿಳಿಸಬೇಕಿತ್ತು.

ಯಲ್ದೂರಿನ ಅವಳ ಮನೆಗೆ ಇಬ್ಬರೂ ಹೋದೆವು. ಕುಕ್ಕರಿನ ವಿಷಲ್ ಮೇಲೆ ಭಾರ ಇಟ್ಟರೆ ಏನಾಗುತ್ತದೋ ಹಾಗೆ ಎಂದು ನಾನೇ ವಿವರಿಸಿದೆ. ಅರ್ಧಕ್ಕೇ ರತ್ನಮ್ಮನಿಗೆ ಅರ್ಥವಾಯಿತು.

"ಅಂದ್ರೆ, ನಾನ್ ಕಟ್ಟಿದ್ದೇ..." ಎಂದಳು.

ಗೇಜು ಸರಿಯಿದ್ದಿದ್ದರೆ ಮೊದಲೇ ಗೊತ್ತಾಗುತ್ತಿತ್ತು, ತಪ್ಪು ಮಾಲೀಕನದು ಎಂದೆ. ಅದು ನಿಜವೇ. ಅವಳು ಕೇಳಿಸಿಕೊಳ್ಳಲಿಲ್ಲ. "ಬರ್ಕೊಳ್ಳಮ್ಮ, ನಾನೇ ಕಟ್ಟಿದ್ದು ಅಂತ. ವೆಂಕಟೇಶಣ್ಣ ಮನೇಗ್ ಬರ್ಲಿ," ಎಂದಳು. ನಾವು ಏಳುವಾಗ ಕೇಳಿದಳು: "ಒಡೀತದೆ ಅಂತ ನಮ್ಮನೆಯವ್ರಿಗೆ ಗೊತ್ತಾಗಿತ್ತೇನಮ್ಮ?"

ಉತ್ತರ ನನ್ನಲ್ಲಿತ್ತು. ಹಿಂದಿನ ದಿನ ಬಾಯ್ಲರ್ ಮನೆಯಲ್ಲಿ ಕುಸಿದುಬಿದ್ದ ಇಟ್ಟಿಗೆ ತೆಗೆಸಿದಾಗ ಒಲೆಯ ಬಾಯಿ ತೆರೆದಿತ್ತು, ಅರ್ಧ ಕೆಂಡವನ್ನು ಹೊರಗೆ ಎಳೆದು ಹಾಕಲಾಗಿತ್ತು, ಎಳೆಯುವ ಸಲಾಕೆ ಒಲೆಯೊಳಗೇ ಇತ್ತು. ಬಾಯ್ಲರಿನ ತಗಡು ನರಳುವುದು ಮುನಿರಾಜುವಿಗೆ ಕೇಳಿಸಿರಬೇಕು. ಓಡಬಹುದಿತ್ತು. ಗೋಡೆಯಾಚೆ ಹಣ್ಣು ಆರಿಸುವ ಹೆಂಗಸರಿದ್ದರು. ಅವನು ಬೆಂಕಿ ಎಳೆಯುತ್ತ ನಿಂತ.

ನಾನು ಬಾಯಿ ತೆರೆಯುವ ಮುಂಚೆ ಶಾಹೀನ್, "ಇಲ್ಲಕ್ಕ, ಏನೂ ಗೊತ್ತಾಗ್ಲಿಲ್ಲ," ಎಂದಳು.

ಜೀಪಿನಲ್ಲಿ ನಾನು ಸಿಡುಕಿದೆ. ಗಂಡ ಯಾಕೆ ಓಡಲಿಲ್ಲವೆಂದು ಅವಳಿಗೆ ತಿಳಿಯಬೇಡವೇ ಎಂದೆ. "ತಿಳೀಲಿ ಮೇಡಂ. ಇವತ್ತು ಬೇಡ. ಇವತ್ತಿಗೆ ಹೊತ್ಕೊಂಡಿರೋದೇ ಸಾಕು."

ವೆಂಕಟೇಶಪ್ಪ ಬಿಡುಗಡೆಯಾದ, ಮಾಲೀಕನ ಮೇಲೆ ಕೇಸಾಯಿತು. ಮರುವರ್ಷ ನಾನೊಬ್ಬಳೇ ಹೋಗಿ ರತ್ನಮ್ಮನಿಗೆ ಸಲಾಕೆಯ ವಿಷಯ ಹೇಳಿದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಅವ್ರು ಓಡೋ ಮನುಷ್ಯ ಅಲ್ಲ, ನಂಗ್ ಗೊತ್ತಿತ್ತಮ್ಮ. ಆ ಹುಡುಗಿ ನನಗೋಸ್ಕರ ಸುಳ್ಳು ಹೇಳಿದ್ಲಲ್ಲ, ಅವತ್ತು ಅದನ್ನ ಹಿಡ್ಕೊಂಡೇ ಮಲ್ಗಿದ್ದು."

ಕಬ್ಬಿಣ ಯಾಕೆ ಒಡೆಯಿತೆಂದು ಕಂಡುಹಿಡಿಯುವುದು ನನ್ನ ಕೆಲಸ. ಅದನ್ನು ಒಬ್ಬರ ಮನೆಗೆ ಹೋಗಿ ಹೇಳುವುದೂ ಅದೇ ಕೆಲಸದ ಭಾಗವೆಂದು ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ.